ಶಿಗ್ಲಿಯಿಂದ ಕಳಿಸಿದ ನೀರು

ಶಿಗ್ಲಿ
5 ಮಾರ್ಚ್ 2025

ತಬಸ್ಸುಮ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿ ಆಗಬೇಡ. ಫೋನ್ ಮಾಡಬಹುದಿತ್ತು ಖರೆ. ಆದರೆ ಫೋನ್ ಕೈಗೆ ಬಂದರೆ ಮೊದಲು ಕೂಸಿನ ರೋಗ ಹುಡುಕತೇನಿ, ಒಂದು ಹುಡುಕಿದರೆ ಹತ್ತು ಸಿಗತಾವು, ಆಮೇಲೆ ಕಣ್ಣಿಗೆ ಕಣ್ಣು ಹತ್ತೋದಿಲ್ಲ. ಅದಕ್ಕೇ ಫೋನನ್ನು ನಮ್ಮ ಮನೆಯವರ ಕೈಗೇ ಕೊಟ್ಟುಬಿಟ್ಟೇನಿ. ಲಕ್ಷ್ಮೇಶ್ವರದ ಬೀಜದ ಅಂಗಡಿಗೆ ಹೋಗುವಾಗ ಸಿದ್ದಲಿಂಗೇಶ ತಮ್ಮದರ ಜೋಡಿ ನನ್ನದನ್ನೂ ಒಯ್ಯತಾರೆ. ಈಗ ಮಧ್ಯಾಹ್ನ, ಸ್ನೇಹಾ ತೊಟ್ಟಿಲಲ್ಲಿದ್ದಾಳೆ, ಒಂದು ಕಾಲಿನಿಂದ ತೂಗತಾ ಬರೀತಿದ್ದೇನಿ. ಸಾಲು ಓರೆ ಆದರೆ ತೊಟ್ಟಿಲ ತಪ್ಪು.

ಗದಗಿನ ಕಾಲೇಜಿನಲ್ಲಿ ಒಂದೇ ಸೂಕ್ಷ್ಮದರ್ಶಕಕ್ಕೆ ಇಬ್ಬರೂ ತಲೆ ಬಡಿದುಕೊಂಡವರು ನಾವು. ನೀನು ಕಾರವಾರಕ್ಕೆ ಹೋಗಿ ಸಮುದ್ರದ ಬ್ಯಾಕ್ಟೀರಿಯಾ ಎಣಿಸತಿ, ನಾನು ಇಲ್ಲಿ ಒದ್ದೆ ಬಟ್ಟೆ ಎಣಿಸತೇನಿ. ಏಳು ತಿಂಗಳ ಕೂಸಿಗೆ ಅನ್ನ ಮುಟ್ಟಿಸಿದ ಮೇಲೆ ಎರಡು ಸಲ ಭೇದಿ ಆತು. ಡಾಕ್ಟರು ನೀರು ಕುದಿಸಿ ಕೊಡ್ರಿ ಅಂದರು. ಕುದಿಸೇ ಕೊಡತೇನಿ. ಆದರೂ ಆಗತೈತಿ. ನಲ್ಲಿಗೆ ಹೊಳೆ ನೀರು ಹನ್ನೊಂದು ದಿನಕ್ಕೊಮ್ಮೆ ಬರತೈತಿ, ಹಿತ್ತಲದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಟ್ಟು ಕುಡಿಯೋದು. ಅದರೊಳಗೆ ಏನೋ ಐತಿ ಅಂತ ನನ್ನ ಜೀವ ಹೇಳತೈತಿ.

ಅತ್ತಿ ಸುಮಿತ್ರವ್ವ ನಗತಾರೆ. "ಪುಸ್ತಕ ಓದಿದ ಹೊಟ್ಟ್ಯಾಗ ಹುಟ್ಟಿದ ಕೂಸು ನೋಡು, ಅದರ ಹೊಟ್ಟಿನೂ ನಾಜೂಕ!" ಅಂತ.

ನಿನ್ನ ಕಡೆ ಈ ನೀರು ಪರೀಕ್ಷೆ ಮಾಡಲಿಕ್ಕೆ ಆಗತೈತೇನು? ಆಗೋದಿಲ್ಲ ಅಂದರೂ ಈ ಪತ್ರ ಪೂರಾ ಓದಿದ್ದಕ್ಕೇ ನಿನ್ನ ಉಪಕಾರ.

ಶಾಂಭವಿ

*

ಕಾರವಾರ
10 ಮಾರ್ಚ್ 2025

ಲೇ ಶಾಂಬಿ,

ಉಪಕಾರ ಅಂತ ಇನ್ನೊಮ್ಮೆ ಬರೆದರೆ ಬಾಟಲಿ ವಾಪಸ್ ಕಳಿಸಬೇಕಾದೀತು, ನೋಡು. ಕೂಸಿನ ಫೋಟೋ ಇಲ್ಲದ ಪತ್ರ ಕಳಿಸಲಿಕ್ಕೆ ನಾಚಿಕೆ ಆಗಲಿಲ್ಲೇನು?

ಜೊತೆಗೆ ಒಂದು ಬಾಟಲಿ ಕಳಿಸೇನಿ. ಮುಚ್ಚಳದ ಒಳಗೆ ಬೆರಳು ಮುಟ್ಟಿಸಬೇಡ. ತಳದಲ್ಲಿ ಚೂರು ಬಿಳಿ ಪುಡಿ ಐತಿ. ಅದು ನೀರಿನ ಕ್ಲೋರಿನ್ನಿನ ಕೆಲಸ ನಿಲ್ಲಿಸಲಿಕ್ಕೆ, ತೊಳೀಬೇಡ. ಕೂಸಿನ ನೀರನ್ನು ಎಲ್ಲಿಂದ ತಗೀತಿಯೋ ಅದೇ ಡ್ರಮ್ಮಿನಿಂದ, ಕುದಿಸದೆ, ಹೆಂಗೈತೋ ಹಂಗ ತುಂಬು. ಐಸಿನಲ್ಲಿಟ್ಟು ಅದೇ ದಿನ ಬಸ್ಸಿಗೆ ಕೊಡು.

ನನ್ನ ಕೆಲಸದ ಮಾತು ಎತ್ತಿದ್ದಿ. ಬೆಳಗ್ಗೆ ದೋಣಿಯಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿಗೆ ಹೋಗತೇವಿ. ಹೊಳೆಯ ಜೊತೆ ತೇಲಿ ಬಂದ ಜೀವಿಗಳಿಗೆ ಉಪ್ಪು ತಾಗಿದ ಕೂಡಲೇ ಕೆಲವು ಸಾಯತಾವು. ಕೆಲವು ಸತ್ತಂಗ ಮಲಗಿಬಿಡತಾವು. ಬಿಸಿಲು ಮೇಲಿನ ನೀರಿನವನ್ನು ಕೊಲ್ಲತೈತಿ, ಅದೇ ಹೊತ್ತಿನಲ್ಲಿ ಕೆಸರಿನೊಳಗೆ ಅಡಗಿದವು ಆರಾಮ ಇರತಾವು. ನೀರು ಬೆಚ್ಚಗಾದಷ್ಟು ಕೆಲವಕ್ಕೆ ಸುಗ್ಗಿ. ಹಿಂಗಾಗಿ ಯಾವ ನೀರು ಅಂತ ಕೇಳಿದರೆ ಸಾಲದು. ಎಷ್ಟು ಬಿಸಿ, ಎಷ್ಟು ದಿನದ್ದು, ಯಾವ ಪಾತ್ರೆಯದು, ಎಲ್ಲ ಕೇಳಬೇಕು.

ಇಲ್ಲಿ ನನಗೆ ರೋಜಾ ನಡೆದಾವು. ಸಂಜೆ ಖರ್ಜೂರ ತಿಂದು ನೀರು ಬಾಯಿಗಿಟ್ಟಾಗ ಒಂದು ಗಳಿಗೆ ನಮ್ಮ ಕಡೆಯ ನೀರಿನ ರುಚಿ ನೆನಪಾಗತೈತಿ. ಇಲ್ಲಿಯ ನೀರು ನಾಲಿಗೆಗೆ ಇನ್ನೂ ಹೊಂದಿಲ್ಲ.

ತಬಸ್ಸುಮ

*

ಶಿಗ್ಲಿ
17 ಮಾರ್ಚ್ 2025

ತಬಸ್ಸು,

ನೀರು ಇವತ್ತು ಹೊಂಡತೈತಿ. ಬಸ್ಸಿನ ಮಲ್ಲು ನಮ್ಮ ಓಣಿಯವ. ಹುಬ್ಬಳ್ಳಿಯಲ್ಲಿ ಕಾರವಾರದ ಬಸ್ಸಿಗೆ ತಾನೇ ಕೈಯಾರೆ ಕೊಡತೇನಿ ಅಂದಾನೆ. ಈ ಪತ್ರವೂ ಅದೇ ಡಬ್ಬಿಯಲ್ಲಿ.

ಒಂದು ಮಾತು. ಇವತ್ತು ಸ್ನೇಹಾನ ಲಸಿಕೆಗೆ ಲಕ್ಷ್ಮೇಶ್ವರಕ್ಕೆ ಹೋಗಲೇಬೇಕು. ಅದಕ್ಕೆ ಈ ಪತ್ರ ಬರೆದಿಟ್ಟು, ಬಾಟಲಿ ತುಂಬುವ ಕೆಲಸ ಅತ್ತಿಗೆ ಬಿಟ್ಟು ಹೊಂಟೇನಿ. ಡ್ರಮ್ಮಿನ ನೀರು ತುಂಬಿ ಮಲ್ಲುಗೆ ಕೊಡ್ರಿ ಅಂದೇನಿ. ಪರೀಕ್ಷೆ ಅಂತ ಹೇಳಲಿಲ್ಲ. ಹೆಂಗ ಹೇಳಲಿ? ಆ ಡ್ರಮ್ಮಿಗೆ ನೀರು ಹಿಡಿಯೋರು ಅವರು, ಮುಚ್ಚೋರು ಅವರು. ಅವರ ನೀರಿಗೆ ಹೆಸರಿಟ್ಟಂಗ ಆಗತೈತಿ. "ತಬಸ್ಸುಮಗ ನಮ್ಮ ನೀರು ಬೇಕಂತ" ಅಂದು, ನಿನ್ನ ಪತ್ರದಲ್ಲಿ ರೋಜಾದ ನಾಲ್ಕು ಸಾಲು ಮಾತ್ರ ಓದಿ ತೋರಿಸಿದೆ. ಅವರು ಕಣ್ಣು ಸಣ್ಣ ಮಾಡಿ ಕೇಳಿಸಿಕೊಂಡರು.

ಜಲ್ದಿ ಬರಿ. ಏನಿದ್ದರೂ ಮುಚ್ಚಬೇಡ.

ಶಾಂಭವಿ

*

ಕಾರವಾರ
22 ಮಾರ್ಚ್ 2025

ಶಾಂಬಿ,

ನಿನ್ನ ನೀರನ್ನು ಸೋಸಿ ತಟ್ಟೆಯಲ್ಲಿಟ್ಟು ಎರಡು ದಿನ ಕಾದೆ. ಕೆಟ್ಟ ಜೀವಿ ಇದ್ದರೆ ತಟ್ಟೆಯ ಮೇಲೆ ಬಣ್ಣದ ಚುಕ್ಕಿ ಏಳತಾವು. ಒಂದೂ ಇಲ್ಲ. ನಮ್ಮ ಲ್ಯಾಬಿನ ಕುಡಿಯುವ ನೀರಿಗಿಂತ ಚೊಕ್ಕ ಐತಿ ನಿಮ್ಮ ಡ್ರಮ್ಮು.

ಇನ್ನು ಅಂಜಬೇಡ. ಹಲ್ಲು ಬರೋ ಕಾಲ ಇರಬಹುದು. ನೀನು ಮೊದಲು ನಿದ್ದೆ ಮಾಡು. ಯುಗಾದಿಯ ಬೇವು-ಬೆಲ್ಲ ನನ್ನ ಪಾಲಿನದೂ ನೀನೇ ತಿನ್ನು, ಮರುದಿನ ಈದ್ ಆದರೆ ನಿನ್ನ ಪಾಲಿನ ಸುರಕುಂಬಾ ಪಾಯಸ ನಾನು ಕುಡೀತೇನಿ.

ತಬಸ್ಸುಮ

*

ಶಿಗ್ಲಿ
19 ಏಪ್ರಿಲ್ 2025

ತಬಸ್ಸುಮ ಅವರಿಗೆ,

ನಿಮ್ಮ ವರದಿಗೆ ಉತ್ತರ ಬರೆಯುವುದು ತಡವಾಯಿತು. ಸ್ನೇಹಾ ಈ ತಿಂಗಳ ಎಂಟರಿಂದ ಹನ್ನೆರಡರವರೆಗೆ ಗದಗಿನ ಆಸ್ಪತ್ರೆಯಲ್ಲಿದ್ದಳು. ಕೈಯಲ್ಲಿ ನರ ಸಿಗದೆ ಕಾಲಿಗೆ ಸಲೈನ್ ಹಚ್ಚಿದರು. ಅತ್ತರೆ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಈಗ ಮನೆಗೆ ಬಂದಿದ್ದಾಳೆ.

ನೀರು ಶುದ್ಧವಾಗಿದೆ ಎಂದು ನೀವು ಬರೆದಿರುವುದರಿಂದ ಕಾರಣ ಬೇರೇನೋ ಇರಬೇಕು. ಇನ್ನು ಮುಂದೆ ಬಾಟಲಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಶಾಂಭವಿ

*

ಕಾರವಾರ
24 ಏಪ್ರಿಲ್ 2025

ಶಾಂಬಿ,

ನನಗೆ ನೀನು 'ನಿಮ್ಮ' ಅಂತ ಬರೆದದ್ದನ್ನು ಓದಿ ದೋಣಿಗೆ ಹೋಗಲಿಲ್ಲ ಇವತ್ತು. ಬೈದಿದ್ದರೆ ಆರಾಮ ಇರುತ್ತಿತ್ತು.

ಒಂದು ಮಾತು ನಿನ್ನಿಂದ ಮುಚ್ಚಿಟ್ಟೆ. ಆ ತಟ್ಟೆಯಲ್ಲಿ ಕೆಟ್ಟ ಜೀವಿಯಷ್ಟೇ ಅಲ್ಲ, ಯಾವ ಜೀವಿಯೂ ಇರಲಿಲ್ಲ. ಇನ್ನೊಂದು ತಟ್ಟೆಯಲ್ಲಿ ನೀರಿನ ಸಾದಾ, ನಿರುಪದ್ರವಿ ಬ್ಯಾಕ್ಟೀರಿಯಾ ಎಣಿಸತೇವಿ. ಅದೂ ಖಾಲಿ. ಮಾರ್ಚಿನ ಬಿಸಿಲಲ್ಲಿ ಎಷ್ಟೋ ದಿನ ಡ್ರಮ್ಮಿನಲ್ಲಿ ನಿಂತ ನೀರು, ಐಸು ಕರಗಿ ಬೆಚ್ಚಗಾಗಿ ಬಂದದ್ದು, ಅಷ್ಟು ಖಾಲಿ ಇರಲಿಕ್ಕೆ ಸಾಧ್ಯವೇ ಇಲ್ಲ. ತಟ್ಟೆ ಕೈಯಲ್ಲಿ ಹಿಡಿದಾಗಲೇ ನನಗೆ ಅದು ಗೊತ್ತಿತ್ತು. ಬೇರೆ ಯಾರದೋ ನೀರಾಗಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮತ್ತೆ ಕಳಿಸಿ ಅಂತ ಬರೀತಿದ್ದೆ. ನಿನಗೆ ಹಂಗ ಬರೆಯಲಿಕ್ಕೆ ಆಗಲಿಲ್ಲ. ನೀನು ಮಲಗಬೇಕು ಅಂತ ನನಗೆ ಆಸೆ. ಆ ಆಸೆಗೆ ವರದಿ ಅಂತ ಹೆಸರಿಟ್ಟು ಕಳಿಸಿಬಿಟ್ಟೆ.

ಮಾಫಿ ಕೇಳೋದಿಲ್ಲ, ಕೊಡಬೇಕು ಅನಿಸಿದಾಗ ನೀನೇ ಕೊಡು. ಆದರೆ ಸ್ನೇಹಾನ ಸಲುವಾಗಿ ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಬಾಟಲಿಯನ್ನು ಹೆಂಗ ತುಂಬಿದರು ಅಂತ ಅತ್ತಿಯನ್ನು ಕೇಳು.

ತಬಸ್ಸುಮ

*

ಶಿಗ್ಲಿ
1 ಮೇ 2025

ತಬಸ್ಸು,

ಕೇಳಿದೆ. ಅತ್ತಿ ಪಡಸಾಲೆಯಲ್ಲಿ ಶೇಂಗಾ ಒಡೀತಾ ಕೂತಿದ್ದರು, ಸ್ನೇಹಾ ಸಿಪ್ಪೆಯ ರಾಶಿಯಲ್ಲಿ ಕೈ ಆಡಿಸತಿದ್ದಳು.

"ಅತ್ತಿ, ಅವತ್ತು ತಬಸ್ಸುಮನ ಬಾಟ್ಲಿಗೆ ನೀರು ಎಲ್ಲಿಂದ ತುಂಬಿದ್ರಿ?"

"ಎಲ್ಲಿಂದ ಅಂದ್ರ? ನೀ ಹೇಳಿದಂಗ ಡ್ರಮ್ಮಿಂದನ."

"ಸೀದಾ ಡ್ರಮ್ಮಿಂದ ಬಾಟ್ಲಿಗೆ?"

"ಹಂಗ ಯಾಕ ತುಂಬತಾರ? ನನಗೇನು ಅಷ್ಟೂ ತಿಳಿಯೂದಿಲ್ಲೇನು? ಬಾಟ್ಲಿ ತಳದಾಗ ಏನೋ ಬಿಳೇ ಹಿಟ್ಟು ಕುಂತಿತ್ತು, ಬಿಸಿ ನೀರು ಹಾಕಿ ಮೂರು ಸಲ ತೊಳದೆ. ಆಮ್ಯಾಲ ನೀರು ಕಳಕಳ ಕುದಿಸಿದೆ, ಹೊಸಾ ಧೋತರದಾಗ ಸೋಸಿದೆ, ಬಿಸಿ ಇದ್ದಾಗನ ತುಂಬಿ ಮುಚ್ಚಿದೆ."

"ಯಾಕ್ರಿ ಅತ್ತಿ?"

ನಾನೇ ಏನೋ ದಡ್ಡ ಮಾತಾಡಿದಂಗ ನನ್ನ ಮಾರಿ ನೋಡಿದರು. "ಮಂದಿ ಮನಿಗೆ ಹಸಿ ನೀರು ಕಳಸ್ತಾರೇನವಾ? ಅದೂ ಮುಂಜಾನಿಂದ ಒಂದು ಹನಿ ಮುಟ್ಟಲಾರದ ರೋಜಾ ಮಾಡೂ ಹುಡುಗಿಗೆ! ಉಪ್ಪು ನೀರಿನ ಊರಾಗ ಐತಿ ಪಾಪ, ಒಂದು ದಿನ ತನ್ನ ಕಡೀ ನೀರು ಕುಡದು ರೋಜಾ ಬಿಡ್ಲಿ ಅಂತ ಕಳಿಸೇನಿ. ಯಾಕ, ಕಡಿಮಿ ಆತೇನು?"

ನನಗೆ ನಗು ಬರಲಿಲ್ಲ, ಅಳು ಬರಲಿಲ್ಲ. ಪರೀಕ್ಷೆ ಅಂತ ಒಂದು ಶಬ್ದ ನಾನು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಈಗ ನನ್ನದೂ ಒಂದು ಕೇಳು. ಯಾರಿಗೂ ಹೇಳಿಲ್ಲ. ನಿನ್ನ ವರದಿ ಬಂದ ಮೇಲೆ ನಾನು ನೀರು ಕುದಿಸೋದು ಬಿಟ್ಟೆ. ಗ್ಯಾಸು ಉಳೀಲಿ ಅಂತ ಅಲ್ಲ, ಮೈಗಳ್ಳತನವೂ ಅಲ್ಲ. ನೀರು ಚೊಕ್ಕ ಇದ್ದರೆ ರೋಗ ನನ್ನ ಅಂಜಿಕೆಯಲ್ಲೇ ಐತಿ ಅನಿಸಿತು. ಎಲ್ಲ ತಾಯಂದಿರ ಹಂಗ ನಾನೂ ಒಂದು ವಾರ ಇದ್ದು ತೋರಿಸಬೇಕು ಅನಿಸಿತು. ಎಂಟು ದಿನ ಡ್ರಮ್ಮಿನ ನೀರನ್ನು ಹಂಗೇ ಕುಡಿಸಿದೆ, ನನ್ನ ಕೈಯಾರೆ. ಆಸ್ಪತ್ರೆಯಲ್ಲಿ ಆಕೆಯ ಕಾಲಿನ ಸೂಜಿ ನೋಡತಾ ಕೂತಾಗ ನಿನ್ನ ಮೇಲೆ ಸಿಟ್ಟು ಬಂದದ್ದು ಯಾಕೆ ಅಂದರೆ, ನನ್ನ ಮೇಲೆ ಬಂದ ಸಿಟ್ಟನ್ನು ಹೊರಲಿಕ್ಕೆ ಆಗಲಿಲ್ಲ.

ನೀನು ಮುಚ್ಚಿಟ್ಟದ್ದನ್ನು ಬರೆದು ಕಳಿಸಿದಿ. ಅದಕ್ಕೇ ನನಗೂ ಬರೆಯುವ ಧೈರ್ಯ ಬಂತು. ಈಗಲಾದರೂ ಉಪಕಾರ ಅನ್ನಲೇನು?

ಆದರೆ ಒಂದು ಉಳೀತು. ಮೊದಲಿನ ಎರಡು ಸಲ ನಾನು ಕುದಿಸಿಯೇ ಕೊಟ್ಟಿದ್ದೆ. ಆಗ ಯಾಕೆ ಆತು?

ಶಾಂಭವಿ

*

ಕಾರವಾರ
7 ಮೇ 2025

ಲೇ ಶಾಂಬಿ,

ನಿನ್ನ ಪತ್ರವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ರೋಜಾ ಬಿಡಲಿಕ್ಕೆ ಅಂತ ಸುಮಿತ್ರವ್ವ ಸೋಸಿ ಕಳಿಸಿದ ನೀರು! ಅರ್ಧ ನಾನು ತಟ್ಟೆಗೆ ಹಾಕಿದೆ, ಅರ್ಧ ಮೋರಿಗೆ ಚೆಲ್ಲಿದೆ. ನಮ್ಮ ಅಮ್ಮನನ್ನು ಬಿಟ್ಟರೆ ನನ್ನ ಬಾಯಾರಿಕೆ ಬಗ್ಗೆ ಯಾರೂ ಅಷ್ಟು ವಿಚಾರ ಮಾಡಿಲ್ಲ. ಅವರಿಗೆ ನನ್ನ ಸಲಾಮು ಹೇಳು. ಚೆಲ್ಲಿದ್ದು ಹೇಳಬೇಡ.

ನೀನು ಕೇಳಿದ್ದಕ್ಕೆ ಇಲ್ಲಿ ಕೂತು ಉತ್ತರ ಹೇಳಿದರೆ ಮತ್ತೆ ಅದೇ ತಪ್ಪು ಮಾಡಿದಂಗ. ಈ ಸಲ ನೀನು, ಅತ್ತಿ ಇಬ್ಬರೇ ನೋಡ್ರಿ. ಎಂಟು ಸಣ್ಣ ಸೀಸೆ ಕಳಿಸೇನಿ. ಒಳಗೆ ಔಷಧ ಹೀರಿದ ಒಂದು ಕಾಗದದ ಪಟ್ಟಿ ಇರತೈತಿ. ಗೆರೆಯ ತನಕ ನೀರು ಹಾಕಿ ಮುಚ್ಚಿಡು. ಹೊಲಸಿನಿಂದ ಬಂದ ಜೀವಿ ಇದ್ದರೆ ಒಂದೆರಡು ದಿನದಲ್ಲಿ ನೀರು ಕರ್ರಗಾಗತೈತಿ. ಇದಕ್ಕೆ ಬೆಚ್ಚನೆಯ ಪೆಟ್ಟಿಗೆ ಬೇಕು, ಆದರೆ ಮೇ ತಿಂಗಳ ಶಿಗ್ಲಿಗೆ ಪೆಟ್ಟಿಗೆ ಯಾಕೆ? ಗೋಡೆಯ ಗೂಡಿನಲ್ಲಿಟ್ಟರೆ ಸಾಕು.

ನಲ್ಲಿ, ಡ್ರಮ್ಮು, ಕುದಿಸಿದ ನೀರು, ಕೂಸಿನ ಬಾಯಿಗೆ ಹೋಗುವ ಎಲ್ಲವನ್ನೂ ನೋಡು. ಅತ್ತಿಯನ್ನು ಹೊರಗೆ ಕೂಡ್ರಿಸಬೇಡ, ಜೋಡಿ ಕರಕೊಂಡು ಮಾಡು.

ತಬಸ್ಸುಮ

*

ಶಿಗ್ಲಿ
26 ಮೇ 2025

ತಬಸ್ಸು,

ನೀನು ಹೇಳಿದಂಗ ಮೊದಲು ಅತ್ತಿಗೆ ಪರೀಕ್ಷೆಯ ಮಾತೆಲ್ಲ ಹೇಳಿದೆ, ಮಾರ್ಚಿನ ಬಾಟಲಿ ಯಾಕೆ ಕಳಿಸಿದ್ದು ಅನ್ನೋದು ಸಹ. "ಅಂದ್ರ ನನ್ನ ನೀರಿನ ಮ್ಯಾಲ ಸಂಶೆ?" ಅಂದು ಸಿಟ್ಟಿನಿಂದ ಹಿತ್ತಲಕ್ಕೆ ಹೋದರು. ಮಧ್ಯಾಹ್ನ ತಾವೇ ಬಂದು, "ಎಲ್ಲಿ ಆ ಸೀಸೆ, ತಾ. ನನ್ನ ನೀರು ಕರ್ರಗಾದ್ರ ಸುಮಿತ್ರವ್ವ ಅಂತ ಕರೀಬ್ಯಾಡ" ಅಂದರು.

ನಲ್ಲಿ ಬಂದ ದಿನದ ನೀರು ಮೂರು ದಿನವಾದರೂ ತಿಳಿಯಾಗೇ ಉಳೀತು. ಅದೇ ನೀರು ಡ್ರಮ್ಮಿನಲ್ಲಿ ಒಂಬತ್ತು ದಿನ ನಿಂತ ಮೇಲೆ ಹಾಕಿದ್ದು ಮರುದಿನ ಊಟದ ಹೊತ್ತಿಗೆ ಇದ್ದಿಲ ನೀರಿನಂಗ ಆತು. ಕುದಿಸಿ ಆರಿಸಿದ್ದು ತಿಳಿ. ಅತ್ತಿ ಹಟ ಮಾಡಿ ದೇವರ ಮನೆಯ ತಾಮ್ರದ ಕೊಡದ್ದೂ ಹಾಕಿಸಿದರು. ಅದು ಕರ್ರಗಾಗಲಿಲ್ಲ ಅಂತ ಓಣಿಗೆಲ್ಲ ಹೇಳಿ ಬಂದಾರೆ. ತಾಮ್ರ ಒಂದನ್ನೇ ನೆಚ್ಚಬೇಡ್ರಿ, ಕೂಸಿಗೆ ಕುದಿಸಿದ್ದೇ ಬೇಕು ಅಂತ ನಾನು ಹಿಂದೆ ಹಿಂದೆ ಹೇಳಿ ಬಂದೆ.

ಇನ್ನೊಂದು ಸೀಸೆಯೂ ಕರ್ರಗಾತು. ಸ್ನೇಹಾಗೆ ನೀರು ಕುಡಿಸುವ ಮೂತಿ ಇರುವ ಸ್ಟೀಲಿನ ಒಳಲಿ ಐತಲ್ಲ, ಅದನ್ನು ತೊಳೆದ ನೀರು ಅದರಲ್ಲಿತ್ತು. ತಬಸ್ಸು, ನಾನು ಇಪ್ಪತ್ತು ನಿಮಿಷ ನೀರು ಕುದಿಸಿ, ಆರಿಸಿ, ಮುಚ್ಚಿ, ಕಡೆಗೆ ಒಳಲಿಯನ್ನು ಅದೇ ಡ್ರಮ್ಮಿನ ನೀರಿನಲ್ಲಿ ತೊಳೆದು ಅದರೊಳಗೆ ಹಾಕಿ ಕುಡಿಸತಿದ್ದೆ. ಬಿ.ಎಸ್ಸಿ. ಓದಿದಾಕಿ.

ಸಂಜೆ ಅತ್ತಿ ಡ್ರಮ್ ಕೆಡವಿ ನೀರನ್ನು ಕರಿಬೇವಿನ ಗಿಡಕ್ಕೆ ಬಿಟ್ಟರು. ಒಳಗೆ ಕೈ ಹಾಕಿ ಗೋಡೆ ಸವರಿ ತೆಗೆದರೆ ಬೆರಳ ತುಂಬ ಲೋಳೆ. "ಇದನ್ನ ನನ್ನ ಮೊಮ್ಮಗಳಿಗೆ ಕುಡಿಸೀನಲ್ಲವಾ" ಅಂದು ಹಂಗೇ ಕೂತುಬಿಟ್ಟರು.

ನನಗೆ ತಡೀಲಿಲ್ಲ. "ನೀವಲ್ಲ ಅತ್ತಿ, ನಾ ಕುಡಿಸೀನಿ. ಎಂಟು ದಿನ ಕುದಿಸಲಾರದನ ಕುಡಿಸೀನಿ" ಅಂದೆ.

ಅವರು ಕೈ ತೊಳೀತಾ, ನನ್ನ ಕಡೆ ನೋಡದೇ ಅಂದರು: "ಗೊತ್ತೈತಿ. ನೀರು ಕುದಿಸೂ ಪಾತೇಲಿ ಅಷ್ಟೂ ದಿನ ಒಣಗೇ ಇತ್ತಲ್ಲ."

"ಗೊತ್ತಿದ್ದೂ ಒಂದು ಮಾತು ಆಡ್ಲಿಲ್ಲ ನೀವು?"

"ಆಸ್ಪತ್ರ್ಯಾಗ ನಿನ್ನ ಮಾರಿ ನೋಡಿದ್ಯಾ? ಅದರ ಮ್ಯಾಲ ನಾ ಮತ್ತೇನ ಆಡ್ಲಿ? ಏಳು, ಬ್ರಶ್ ತಾ. ಕತ್ತಲಾದ್ರ ಲೋಳಿ ಕಾಣೂದಿಲ್ಲ."

ಅವರು ಬೈಯತಾರೆ ಅಂತ ಅಂಜಿ ನಾನು ಎಷ್ಟು ಮುಚ್ಚಿದೆ! ಅವರು ಒಂದೂವರೆ ತಿಂಗಳು ನನ್ನ ತಪ್ಪನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದರು. ಮಗನ ಮುಂದೂ ಬಿಚ್ಚಿರಲಿಲ್ಲ.

ಈಗ ಡ್ರಮ್ಮು ನೆರಳಿಗೆ ಬಂದೈತಿ. ನೀರು ಬಂದಾಗೊಮ್ಮೆ ಖಾಲಿ ಮಾಡಿ ತಿಕ್ಕತೇವಿ. ಒಳಲಿ ಪಾತೇಲಿಯಲ್ಲೇ ಕುದೀತೈತಿ. ಸ್ನೇಹಾ ಈ ತಿಂಗಳು ಅರ್ಧ ಕಿಲೋ ಕೂಡಿಸಿಕೊಂಡಾಳೆ. ಫೋಟೋ ಇಟ್ಟೇನಿ, ನೋಡು. ಬಾಯಲ್ಲಿರೋದು ಅಜ್ಜಿಯ ಸರ.

ಶಾಂಭವಿ

*

ಕಾರವಾರ
14 ಜೂನ್ 2025

ಶಾಂಬಿ,

ಸ್ನೇಹಾನ ಫೋಟೋ ನನ್ನ ಮೇಜಿನ ಮೇಲೈತಿ. ಕೆನ್ನೆ ಬಂದಾವು ಆಕೆಗೆ.

ಇಲ್ಲಿ ಮಳೆ ಹಿಡಿದೈತಿ. ಹೊಳೆ ಕೆಂಪಾಗಿ ಬಂದು ಸಮುದ್ರದ ದೂರದವರೆಗೂ ಹೋಗತೈತಿ. ಉಪ್ಪು ಇಳಿದು, ಬಿಸಿಲು ಮಾಯವಾಗಿ, ನೆಲದ ಹೊಲಸೆಲ್ಲ ತೊಳೆದು ಬಂದು, ಬೇಸಿಗೆಯಲ್ಲಿ ಸಾಯುತ್ತಿದ್ದವೆಲ್ಲ ಈಗ ಬದುಕಿ ಉಳೀತಾವು. ನನ್ನ ತಟ್ಟೆಗಳ ಮೇಲೆ ಎಣಿಸಲಾರದಷ್ಟು ಚುಕ್ಕಿ. ನಿಮ್ಮ ನಲ್ಲಿಗೂ ಇನ್ನು ಕೆಂಪು ನೀರು ಬರಬಹುದು. ಮಣ್ಣು ಕ್ಲೋರಿನ್ನನ್ನು ತಿಂದುಬಿಡತೈತಿ. ಆ ನೀರನ್ನು ಮೊದಲು ತಿಳಿಯಾಗಲಿಕ್ಕೆ ಬಿಡ್ರಿ, ಸೋಸ್ರಿ, ಆಮೇಲೆ ಕುದಿಸ್ರಿ. ಮೊದಲ ದಿನದ ನೀರು ಅಂತ ಮಳೆಗಾಲದಲ್ಲಿ ನೆಚ್ಚಬೇಡ್ರಿ.

ನಮ್ಮ ಲ್ಯಾಬಿನಲ್ಲಿ ನೀರಿನ ಮಾದರಿಯ ವಿವರ ಬರೆಯುವ ಹಾಳೆಯಲ್ಲಿ ಎರಡು ಹೊಸ ಸಾಲು ಸೇರಿಸೇನಿ: ಯಾರು ತುಂಬಿದರು, ಏನು ಹೇಳಿ ತುಂಬಿಸಿದರು. ನಮ್ಮ ಮೇಡಮ್ಮು ಎರಡನೆಯದನ್ನು ಓದಿ ನಕ್ಕರು. ಸುಮಿತ್ರವ್ವನ ಕಥೆ ಹೇಳಿದೆ. ಆ ಸಾಲು ಉಳೀತು.

ತಬಸ್ಸುಮ

*

ಶಿಗ್ಲಿ
20 ಜುಲೈ 2025

ತಬಸ್ಸು,

ನೀನು ಹೇಳಿದಂಗೇ ಆತು. ಹೋದ ವಾರ ನಲ್ಲಿಗೆ ಚಹಾದ ಬಣ್ಣದ ನೀರು ಬಂತು. ಅತ್ತಿ ರಾತ್ರಿಯೆಲ್ಲ ತಿಳಿಯಾಗಲಿಕ್ಕೆ ಬಿಟ್ಟು, ನಾಲ್ಕು ಪದರಿನ ಧೋತರದಲ್ಲಿ ಸೋಸಿ, ಕುದಿಸಿದರು. ಸ್ನೇಹಾಗೆ ಒಂದು ದಿನ ಭೇದಿ ಆತು. ಉಪ್ಪು-ಸಕ್ಕರೆಯ ಪುಡಿ ಕಲಸಿ ಕೊಟ್ಟೆ, ಒದ್ದೆ ಬಟ್ಟೆ ಎಣಿಸಿದೆ, ಅತ್ತಾಗ ಕಣ್ಣೀರು ನೋಡಿದೆ. ದಳದಳ ಬಂತು. ಆಕೆ ಅಳತಿದ್ದರೆ ನಾನು ನಗತಿದ್ದೆ, ಅತ್ತಿ ಬೈದರು. ಮರುದಿನ ಆರಾಮ ಆದಳು. ಆ ಎರಡೂ ದಿನ ನಾನು ಊಟ ಮಾಡೇನಿ, ತಾಸು ತಾಸು ನಿದ್ದೆಯೂ ಮಾಡೇನಿ.

ಮೊನ್ನೆ ಓಣಿಯ ಕೊನೆ ಮನೆಯ ಅನ್ನಪೂರ್ಣ ಬಂದಳು. ಐದು ತಿಂಗಳ ಕೂಸು ಆಕೆಗೆ. "ಅಕ್ಕಾ, ನಮ್ಮ ಹುಡುಗಗೂ ಹಂಗ ಆಗೇತಿ. ಸುಮಿತ್ರವ್ವ ಆಯಿ ನಿನ್ನ ಕೇಳು ಅಂದ್ಳು" ಅಂದಳು. ಮೊದಲು ಕೂಸನ್ನು ಡಾಕ್ಟರಿಗೆ ತೋರಿಸಿಕೊಂಡು ಬಾ ಅಂದೆ. ತೋರಿಸಿ ಬಂದ ಮೇಲೆ ನಾನೇ ಅವರ ಮನೆಗೆ ಹೋದೆ.

ಹೊಸ್ತಿಲು ದಾಟಿದ ಕೂಡಲೇ ಅನ್ನಪೂರ್ಣನ ಅತ್ತಿ ಒಂದು ತಂಬಿಗೆ ನೀರು ತಂದು ಕೈಗಿಟ್ಟರು. "ಕುಂಡ್ರವಾ, ಬಿಸಿಲಾಗ ಬಂದಿ" ಅಂದು ಎದುರಿಗೇ ನಿಂತರು. ತಂಬಿಗೆಯ ಒಳಗೆ ನೋಡಿದೆ. ತುಸು ಕೆಂಪು. ಹಸಿ ನೀರೇ. ನಾಲ್ಕು ತಿಂಗಳ ಹಿಂದಿನ ಶಾಂಭವಿ ಆಗಿದ್ದರೆ ಏನಾದರೂ ನೆವ ಹೇಳಿ ಕೆಳಗಿಟ್ಟು ಓಡಿ ಬಂದು ಕೈ ತೊಳ್ಕೊಳ್ಳತಿದ್ದಳು. ಬೇಡ ಅಂದಿದ್ದರೆ ಆ ಹಿರಿಯಾಕಿ ಮತ್ತೆ ತನ್ನ ಡ್ರಮ್ಮನ್ನು ನನಗೆ ಯಾಕೆ ತೋರಿಸತಾಳೆ, ಹೇಳು? ನಮ್ಮ ಅತ್ತಿಯ ಮಾರಿ ಕಣ್ಣ ಮುಂದೆ ಬಂತು.

ಕುಡಿದೆ. ನೀನು ಬೈದರೂ ಅಡ್ಡಿಯಿಲ್ಲ, ಪೂರಾ ತಂಬಿಗೆ ಕುಡಿದೆ. ನನ್ನದು ದೊಡ್ಡ ಹೊಟ್ಟೆ, ಒಂದು ದಿನ ಗುಡುಗುಡು ಅಂದು ಸುಮ್ಮನಾತು.

ನಿನಗೆ, ನಮ್ಮ ಅತ್ತಿಗೆ, ಬಾಟಲಿ ಹೊತ್ತ ಮಲ್ಲುಗೆ, ಗದಗಿನಲ್ಲಿ ಕಾಲಿಗೆ ಸೂಜಿ ಹಚ್ಚಿದ ಆ ನರ್ಸಿಗೆ, ಯಾರಿಗೆ ಎಷ್ಟು ಸಲ ಕೈ ಮುಗಿಯಲಿ ತಿಳಿಯೋದಿಲ್ಲ. ಅವರ ಮನೆಯಲ್ಲಿ ಆ ಹೊತ್ತು ಎಲ್ಲರೂ ಒಟ್ಟಿಗೇ ನೆನಪಾದರು. ಖಾಲಿ ತಂಬಿಗೆಯನ್ನು ಆ ಹಿರಿಯಾಕಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಕೇಳಿದೆ:

"ಆಯಿ, ನಿಮ್ಮ ಡ್ರಮ್ ಎಲ್ಲೈತಿ? ಬರ್ರಿ, ಮೂವರೂ ಕೂಡಿ ನೋಡೂಣು."

ಶಾಂಭವಿ